ಹತ್ತಿ ಬಿಡಿಸುವ ಕಾಲ ಮತ್ತು ಎಂಟನೆಯ ತರಗತಿ



ನಿವೃತ್ತನಾಗಿ ವರ್ಷಗಳು ಕಳೆದರೂ ನನ್ನನ್ನು ಬಿಡದ ಅಭ್ಯಾಸವೊಂದಿದೆ. ಶಾಲೆಗಳು ಆರಂಭವಾಗುವ ಹೊತ್ತಿಗೆ ಶಿಕ್ಷಣ ಇಲಾಖೆ ಹೊರಡಿಸುವ ವಾರ್ಷಿಕ ಮಾರ್ಗಸೂಚಿಯನ್ನು ಹಳೆಯ ಸಹೋದ್ಯೋಗಿಗಳಿಂದ ತರಿಸಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆ. ಮನೆಯವರು ನಗುತ್ತಾರೆ. ಪಂಚಾಂಗವನ್ನಾದರೂ ಓದಿದರೆ ನಾಲ್ಕು ಮುಹೂರ್ತ ತಿಳಿದಾವು, ಇದರಿಂದೇನು ಪ್ರಯೋಜನ ಎನ್ನುವುದು ಅವರ ವಾದ. ನನಗೆ ಇದೂ ಒಂದು ಪಂಚಾಂಗವೇ. ಪ್ರೌಢಶಾಲೆಗೆ ಹೊಸದಾಗಿ ಕಾಲಿಟ್ಟ ಎಂಟನೆಯ ತರಗತಿಯ ಮಗುವಿಗೆ ಆ ವರ್ಷ ಏನೇನು ಕಾದಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಜೂನ್ 5ರಂದು ಪರಿಸರ ದಿನ, 21ರಂದು ಯೋಗ ದಿನ, ಮಳೆಗಾಲದಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟ, ಆಗಸ್ಟ್ 15, ಸೆಪ್ಟೆಂಬರ್ 5, ನಮ್ಮ ಭಾಗಕ್ಕೆ ಸೆಪ್ಟೆಂಬರ್ 17, ಗಾಂಧಿ ಜಯಂತಿ, ವಾಲ್ಮೀಕಿ ಜಯಂತಿ, ರಾಜ್ಯೋತ್ಸವ, ಕನಕ ಜಯಂತಿ, ಮಕ್ಕಳ ದಿನ, ಸಂವಿಧಾನ ದಿನ, ಪ್ರತಿಭಾ ಕಾರಂಜಿ, ಫೆಬ್ರವರಿ 28ರ ವಿಜ್ಞಾನ ದಿನ. ನಡುನಡುವೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು.

ಈ ಪಟ್ಟಿಯ ಮೇಲೆ ನನಗೆ ಗೌರವವಿದೆ. ಆದರೆ ಮಂಗಳೂರಿಗೂ ದೇವದುರ್ಗಕ್ಕೂ ಒಂದೇ ಪಟ್ಟಿ. ಅದರಲ್ಲಿ ಎಲ್ಲಿ ಹುಡುಕಿದರೂ ಹತ್ತಿ ಎಂಬ ಎರಡಕ್ಷರ ಸಿಗುವುದಿಲ್ಲ. ನಮ್ಮ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಾದರೋ ಶಾಲೆಯ ಎರಡನೆಯ ಅವಧಿಯನ್ನು ನಿರ್ಧರಿಸುವುದು ಅದೇ ಹತ್ತಿ.

ದೂರದೂರುಗಳಲ್ಲಿ ನೆಲೆಸಿರುವ ನಿಮ್ಮ ಮಕ್ಕಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಮ್ಮ ಎಡೆದೊರೆ ನಾಡು. ತುಂಗಭದ್ರಾ ಎಡದಂಡೆ ಕಾಲುವೆ ಹಾಯುವ ಮಾನ್ವಿಯ ಕಡೆ ಭತ್ತ. ಕಾಲುವೆ ತಲುಪದ ಎರೆ ಹೊಲಗಳಲ್ಲಿಯೂ ದೇವದುರ್ಗದ ಬಹುಭಾಗದಲ್ಲಿಯೂ ಹತ್ತಿ. ಮುಂಗಾರಿನಲ್ಲಿ ಬಿತ್ತಿದ ಹತ್ತಿ ಅಕ್ಟೋಬರಿನ ಹೊತ್ತಿಗೆ ಕಾಯೊಡೆಯುತ್ತದೆ. ಒಮ್ಮೆ ಬಿಡಿಸಿದರೆ ಮುಗಿಯದು. ಗಿಡ ಮತ್ತೆ ಮತ್ತೆ ಒಡೆಯುತ್ತಲೇ ಇರುತ್ತದೆ. ಸಂಕ್ರಾಂತಿಯವರೆಗೂ ಎರಡು ಮೂರು ಸಲ ಬಿಡಿಸಬೇಕು. ಅರಳಿದ ಹತ್ತಿ ಯಾರಿಗೂ ಕಾಯುವುದಿಲ್ಲ, ಅಕಾಲದ ಒಂದು ಮಳೆ ಬಿದ್ದರೆ ಬಣ್ಣಗೆಟ್ಟು ರಾಯಚೂರಿನ ಗಂಜಿನಲ್ಲಿ ದರ ಕುಸಿಯುತ್ತದೆ. ಕೂಲಿ ತೂಕದ ಮೇಲೆ. ಎಷ್ಟು ಕೈಗಳೋ ಅಷ್ಟು ಕಿಲೋ. ಹದಿಮೂರು ವರ್ಷದ ಹುಡುಗಿಯ ಬೆರಳು ಕಾಯಿಯ ಒಣಮುಳ್ಳಿನ ನಡುವೆ ಸಲೀಸಾಗಿ ಆಡುತ್ತದೆ ಎಂಬುದು ಹೊಲದವರಿಗೂ ಗೊತ್ತು, ಮನೆಯವರಿಗೂ ಗೊತ್ತು. ಬೆಳಿಗ್ಗೆ ಟಂಟಂ ಬಂದು ಊರ ಮುಂದೆ ನಿಂತಾಗ ತಾಯಿಯ ಜೊತೆ ಮಗಳೂ ಹತ್ತುತ್ತಾಳೆ.

ಇದೆಲ್ಲ ಸರಿಯಾಗಿ ದಸರಾ ರಜೆ ಮುಗಿಯುವ ಹೊತ್ತಿಗೇ ಆರಂಭವಾಗುವುದು ನಮ್ಮ ದುರ್ದೈವ. 2025-26ನೆಯ ಸಾಲಿನ ವೇಳಾಪಟ್ಟಿಯನ್ನೇ ನೋಡಿ. ಮೊದಲ ಅವಧಿ ಸೆಪ್ಟೆಂಬರ್ 19ಕ್ಕೆ ಮುಗಿಯಿತು. ಅಕ್ಟೋಬರ್ 8ರಂದು ಶಾಲೆ ತೆರೆಯಬೇಕಿತ್ತು. ಶಿಕ್ಷಕರನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಿಯೋಜಿಸಿದ್ದರಿಂದ ಸರ್ಕಾರಿ, ಅನುದಾನಿತ ಶಾಲೆಗಳ ರಜೆ 18ರವರೆಗೆ ಮುಂದುವರಿಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆ ನನ್ನದಲ್ಲ. ಹತ್ತಿ ಒಡೆಯುವ ದಿನಗಳಲ್ಲಿ ಶಾಲೆಯ ಬಾಗಿಲು ಒಂದು ತಿಂಗಳು ಮುಚ್ಚಿದ್ದರೆ ದೇವದುರ್ಗದ ಮಗುವಿನ ಪಾಲಿಗೆ ಅದು ರಜೆಯಾಗಿ ಉಳಿಯುವುದಿಲ್ಲ, ನೌಕರಿಯಾಗುತ್ತದೆ. ನಮ್ಮ ಊರುಗಳಲ್ಲಿ ಮೊಹರಂ ಎಲ್ಲರ ಹಬ್ಬ. ಖತಲ್ ರಾತ್ರಿಯ ಮರುದಿನವೂ ತರಗತಿ ಖಾಲಿಯೇ. ಅದಕ್ಕೆ ನಾನು ಎಂದೂ ಬೇಸರಪಟ್ಟವನಲ್ಲ, ಹಬ್ಬಕ್ಕೆ ಹೋದ ಮಗು ಹಬ್ಬ ಮುಗಿದ ಮೇಲೆ ಬಂದೇ ಬರುತ್ತದೆ. ಹತ್ತಿಗೆ ಹೋದ ಮಗು ಹಾಗಲ್ಲ. ಹತ್ತಿಯ ಹಿಂದೆ ಮೆಣಸಿನಕಾಯಿ ಬರುತ್ತದೆ, ಮೆಣಸಿನಕಾಯಿಯ ಹಿಂದೆ ಬೆಂಗಳೂರಿನ ಗುಳೆ. ಹೆಣ್ಣು ಮಗುವಾಗಿದ್ದರೆ ಬೇಸಿಗೆಯಲ್ಲಿ ಮದುವೆಯ ಮಾತೂ ಬರುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಇದೆ, ನಿಜ. ಆದರೆ ಶಾಲೆಯಲ್ಲಿರುವ ಹುಡುಗಿಗೆ ಆ ಕಾಯಿದೆ ಸಿಗುವಷ್ಟು ಸುಲಭವಾಗಿ ಹೊಲದಲ್ಲಿರುವ ಹುಡುಗಿಗೆ ಸಿಗುವುದಿಲ್ಲ.

ಎಂಟನೆಯ ತರಗತಿಯನ್ನೇ ಏಕೆ ಎತ್ತಿ ಹೇಳುತ್ತೇನೆಂದರೆ, ಕಾನೂನಿನ ಕೈ ಅಲ್ಲಿಗೇ ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವಯಸ್ಸಿನವರೆಗೆ, ಎಂಟನೆಯ ತರಗತಿಯವರೆಗೆ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿ ಎಲ್ಲ ಬಗೆಯ ದುಡಿಮೆಯನ್ನೂ ನಿಷೇಧಿಸಿದ್ದು ಹದಿನಾಲ್ಕರೊಳಗಿನವರಿಗೆ. ಅಲ್ಲಿಯೂ ಶಾಲೆಯ ವೇಳೆ ಬಿಟ್ಟು ಮನೆಯ ಕೆಲಸಕ್ಕೆ, ಹೊಲಕ್ಕೆ ವಿನಾಯಿತಿ ಇದೆ. ಮೇಲಾಗಿ ನಮ್ಮಲ್ಲಿ ಏಳನೆಯ ತರಗತಿಯವರೆಗೆ ಊರಲ್ಲೇ ಶಾಲೆ ಇರುತ್ತದೆ, ಎಂಟಕ್ಕೆ ಪಕ್ಕದ ಊರಿಗೆ ನಡೆಯಬೇಕು. 2006-07ರಲ್ಲಿ ಆರಂಭವಾದ ಸೈಕಲ್ ಯೋಜನೆ ಈ ದಾರಿಯನ್ನು ಎಷ್ಟು ಹತ್ತಿರ ಮಾಡಿತ್ತೆಂಬುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕೋವಿಡ್ ವರ್ಷದಲ್ಲಿ ಅದೂ ನಿಂತಿತು.

ಇನ್ನು ಶಾಲೆಯ ಒಳಗಿನ ಮಾತು. ಎಸ್ಎಸ್ಎಲ್‌ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ ಕೊನೆಗಿತ್ತು, 2025ರಲ್ಲಿ ಕಲಬುರಗಿ. ನಮ್ಮ ಭಾಗ ತಲೆತಗ್ಗಿಸುವಂಥ ಸುದ್ದಿ ಬಂದಾಗಲೆಲ್ಲ ಹತ್ತನೆಯ ತರಗತಿಗೆ ವಿಶೇಷ ತರಗತಿ, ರಾತ್ರಿ ತರಗತಿ, ಸರಣಿ ಪರೀಕ್ಷೆ. ಇರುವ ಕೆಲವೇ ಶಿಕ್ಷಕರೆಲ್ಲ ಅಲ್ಲಿಗೇ. ಎಂಟು, ಒಂಬತ್ತರ ಮಕ್ಕಳ ಆಟದ ಪೀರಿಯಡ್ ಮೊದಲು ಹೋಗುತ್ತದೆ, ಆಮೇಲೆ ಚಿತ್ರಕಲೆ, ಆಮೇಲೆ ಪ್ರವಾಸ. ‘ಗ್ಯಾದರಿಂಗ್’ ನಡೆದರೆ ಫೆಬ್ರವರಿಯಲ್ಲಿ, ಬಿಟ್ಟುಹೋಗುವವರೆಲ್ಲ ಬಿಟ್ಟುಹೋದ ಮೇಲೆ. ಹತ್ತನೆಯ ತರಗತಿಯ ಫಲಿತಾಂಶ ತಯಾರಾಗುವುದು ಎಂಟನೆಯ ತರಗತಿಯ ನವೆಂಬರ್ ತಿಂಗಳಲ್ಲಿ ಎಂದು ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ತಿಂಗಳು ಹೊಲದಲ್ಲಿದ್ದವನಿಗೆ ಬೀಜಗಣಿತದ ಮೊದಲ ಮೆಟ್ಟಿಲೇ ಇರುವುದಿಲ್ಲ. ಎರಡು ವರ್ಷದ ಬಳಿಕ ರಾತ್ರಿ ಹತ್ತರವರೆಗೆ ಕೂರಿಸಿ ಹೇಳಿದರೆ ಅದು ಬಂದೀತೆ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮಕ್ಕಳು ಆಸೆಪಡುವ ಚಟುವಟಿಕೆಗಳನ್ನೆಲ್ಲ, ಮುಖ್ಯೋಪಾಧ್ಯಾಯರ ಕೈಯಲ್ಲಿ ಇರುವಷ್ಟರ ಮಟ್ಟಿಗೆ, ಹತ್ತಿ ಬಿಡಿಸುವ ಕಾಲಕ್ಕೆ ತನ್ನಿ. ಪಟ್ಟಿಯಲ್ಲಿ ಇಲಾಖೆ ನಿಗದಿಪಡಿಸಿದ ದಿನಗಳನ್ನು ನಾವು ಬದಲಿಸಲಾರೆವು. ಆದರೆ ವಾರ್ಷಿಕೋತ್ಸವ, ಪ್ರವಾಸ, ಶಾಲಾ ಮಟ್ಟದ ಆಟೋಟ, ವಿಜ್ಞಾನ ವಸ್ತುಪ್ರದರ್ಶನ ಇವುಗಳ ದಿನಾಂಕಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ. ಅವನ್ನು ಅಕ್ಟೋಬರಿನ ಕೊನೆಯಿಂದ ಡಿಸೆಂಬರಿನ ಕೊನೆಯವರೆಗೆ ಹಂಚಿ ಹಾಕಬಹುದು.

ಇದು ಬರಿಯ ಕಲ್ಪನೆಯಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಒಂದು ವರ್ಷ ಗ್ಯಾದರಿಂಗನ್ನು ಡಿಸೆಂಬರಿಗೆ ಇಟ್ಟೆವು. ಸೆಪ್ಟೆಂಬರ್ 17ರ ಕಥೆಯನ್ನೇ ಆಧರಿಸಿ ಶಿಕ್ಷಕರು ಸೇರಿ ಒಂದು ನಾಟಕ ಬರೆದರು. ಸಾಹಿತ್ಯದ ದೃಷ್ಟಿಯಿಂದ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಆದರೆ ಅದರಲ್ಲಿ ಊರಿನ ಜನ ಇದ್ದರು, ರಜಾಕಾರರಿದ್ದರು, ದಂಡು ಇತ್ತು. ಎಂಟು ಒಂಬತ್ತನೆಯ ತರಗತಿಯ ಪ್ರತಿಯೊಂದು ಮಗುವಿಗೂ ಒಂದು ಪಾತ್ರ, ಒಂದಾದರೂ ಮಾತು. ತಾಲೀಮು ಪ್ರತಿದಿನ ಬೆಳಿಗ್ಗೆ, ಪ್ರಾರ್ಥನೆಗೆ ಮುಂಚೆ, ಅಂದರೆ ಟಂಟಂ ಬರುವ ಹೊತ್ತಿಗೆ. ದೀಪಾವಳಿಯ ನಂತರ ಒಬ್ಬ ತಂದೆ ಬಂದು ಜಗಲಿಯ ಮೇಲೆ ಕುಳಿತ. ಮಗಳನ್ನು ಹತ್ತಿಗೆ ಕರೆದರೆ ಅಳುತ್ತಾಳಂತೆ. “ಅಕಿ ಒಬ್ಬಾಕಿ ಇಲ್ಲದಿದ್ರ ನಾಟಕ ನಿಲ್ತದೇನ್ರೀ ಸರ?” ಎಂದು ಕೇಳಿದ. ನನ್ನ ಸಹೋದ್ಯೋಗಿ ತಡಮಾಡದೆ “ನಿಲ್ತದ ನೋಡು ಯಜಮಾನ” ಎಂದುಬಿಟ್ಟರು. ಆಕೆಯ ಮಾತು ನಾಟಕದಲ್ಲಿ ಒಂದೇ ಒಂದು ಸಾಲು! ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಂದ್ರ ಆತವಾರ ಒಂದ ದಿನ ಕರ್ಕೊಂಡ ಹೋಗ್ತೀನ್ರಿ” ಎಂದು ಎದ್ದು ಹೋದ. ಆ ವರ್ಷವೂ ಕೆಲವರು ಬಿಟ್ಟುಹೋದರು, ಎಲ್ಲರೂ ಉಳಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಹಾಜರಿ ಪುಸ್ತಕದಲ್ಲಿ ಎಂದಿನಷ್ಟು ಕೆಂಪು ಶಾಯಿ ಇರಲಿಲ್ಲ. ಆ ಹುಡುಗಿ ಹತ್ತನೆಯ ತರಗತಿ ಮುಗಿಸಿಯೇ ಹೋದಳು.

ಈ ಘಟನೆಯಲ್ಲಿ ನಾಟಕಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ತಂದೆಯ ಪ್ರಶ್ನೆ. ತನ್ನ ಮಗಳಿಲ್ಲದೆ ಶಾಲೆಯಲ್ಲಿ ಏನಾದರೂ ನಿಲ್ಲುತ್ತದೆಯೇ ಎಂಬುದು ಬಡವನ ನ್ಯಾಯವಾದ ಪ್ರಶ್ನೆ. ಹೊಲದಲ್ಲಿ ಆಕೆ ಇಲ್ಲದಿದ್ದರೆ ಇಂತಿಷ್ಟು ಕಿಲೋ ನಿಲ್ಲುತ್ತದೆ ಎಂಬ ಲೆಕ್ಕ ಅವನಿಗೆ ಗೊತ್ತು.

ಇಲ್ಲಿಯೇ ನನಗೆ ಪ್ರತಿಭಾ ಕಾರಂಜಿಯ ಬಗ್ಗೆ ಒಂದು ತಕರಾರಿದೆ. ಕಂಠಪಾಠ, ಜನಪದ ಗೀತೆ, ಮಿಮಿಕ್ರಿ, ರಂಗೋಲಿ, ಕವ್ವಾಲಿ, ಗಝಲ್, ರಸಪ್ರಶ್ನೆ ಎಲ್ಲವೂ ಸೊಗಸೇ. ದಾಸಸಾಹಿತ್ಯದ ವಿಜಯದಾಸರು, ಜಗನ್ನಾಥದಾಸರು ಮಾನ್ವಿ ಸೀಮೆಯವರು, ಗೋಪಾಲದಾಸರು ದೇವದುರ್ಗ ಸೀಮೆಯವರು. ಹಾಡು ನಮ್ಮ ಮಕ್ಕಳಿಗೆ ಹೊಸದಲ್ಲ. ಆದರೆ ಮುಂದಿನ ಹಂತಕ್ಕೆ ಹೋಗುವುದು ಗೆದ್ದ ಮಗು ಮಾತ್ರ. ಹಾಗಾಗಿ ಶಾಲೆಗಳಲ್ಲಿ ಅದೇ ನಾಲ್ಕು ಮಕ್ಕಳಿಗೆ ಹಾಡೂ, ಭಾಷಣವೂ, ಛದ್ಮವೇಷವೂ. ಉಳಿದವರು ಚಪ್ಪಾಳೆ ತಟ್ಟುವವರು. ಚಪ್ಪಾಳೆ ತಟ್ಟುವುದಕ್ಕೆ ಯಾವ ಮಗು ಹತ್ತಿ ಹೊಲ ಬಿಟ್ಟು ಬಂದೀತು? ಶಾಲಾ ಹಂತದಲ್ಲಾದರೂ ಪ್ರತಿ ಮಗುವೂ ಒಂದು ಸ್ಪರ್ಧೆಗೆ ನಿಲ್ಲಲೇಬೇಕೆಂಬ ನಿಯಮ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಎನ್‌ಎಂಎಂಎಸ್ ಪರೀಕ್ಷೆಯನ್ನು ಮಾತ್ರ ಮರೆಯಬಾರದು. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ನಮ್ಮ ಹಳ್ಳಿಗಳಲ್ಲಿ ಅದು ಅಡ್ಡಿಯೇ ಅಲ್ಲ. ಮಾನಸಿಕ ಸಾಮರ್ಥ್ಯದ 90, ಪಠ್ಯವಿಷಯಗಳ 90 ಪ್ರಶ್ನೆಗಳು. ಆದರೆ ಇದಕ್ಕೆ ಓದಬೇಕಾದ ದಿನಗಳೂ ಹತ್ತಿಯ ದಿನಗಳೇ. ಕೂಲಿಯ ಲೆಕ್ಕ ಬಲ್ಲ ತಂದೆತಾಯಿಯರಿಗೆ ಈ ಲೆಕ್ಕವನ್ನು ಬಾಯಿಬಿಟ್ಟು ಹೇಳುವವರು ಬೇಕು, ಸೂಚನಾ ಫಲಕದ ಮೇಲೆ ಅಂಟಿಸಿದರೆ ಅವರು ಓದಲಾರರು.

ಹೇಳುವುದಕ್ಕೆ ಸೆಪ್ಟೆಂಬರ್ 17ಕ್ಕಿಂತ ಒಳ್ಳೆಯ ದಿನವಿಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ದಿನ. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವೆಂದು ಕರೆಯುತ್ತೇವೆ. ಧ್ವಜಾರೋಹಣಕ್ಕೆ ಊರಿನವರು ಹೇಗೂ ಬರುತ್ತಾರೆ, ದಸರಾ ರಜೆಯೂ ಹತ್ತಿರದಲ್ಲೇ ಇರುತ್ತದೆ. ಗಣ್ಯರ ಭಾಷಣ ಎರಡು ಕಡಿಮೆಯಾದರೆ ನಷ್ಟವೇನಿಲ್ಲ. ಆ ಹೊತ್ತಿನಲ್ಲಿ ಎಂಟು ಒಂಬತ್ತರ ಮಕ್ಕಳ ಎರಡನೆಯ ಅವಧಿಯ ಕಾರ್ಯಕ್ರಮಗಳನ್ನು ದಿನಾಂಕ ಸಹಿತ, ಯಾವ ಮಗುವಿಗೆ ಯಾವ ಕೆಲಸ ಎಂದು ಹೆಸರು ಹಿಡಿದು ಓದಿ ಹೇಳಬೇಕು.

ಪ್ರವಾಸವೆಂದರೆ ಮೈಸೂರೇ ಆಗಬೇಕೆಂದಿಲ್ಲ. ಬಸ್ಸಿನ ಬಾಡಿಗೆ ಕೊಡಲಾರದ ಮಕ್ಕಳು ಅಲ್ಲಿಯೂ ಹೊರಗೇ ಉಳಿಯುತ್ತಾರೆ. ರಾಯಚೂರಿನ ಕೋಟೆಯಲ್ಲಿ 1294ರ ಶಾಸನವಿರುವ ಬೃಹತ್ ಶಿಲೆಯೊಂದಿದೆ, ಅಷ್ಟು ದೊಡ್ಡ ಕಲ್ಲನ್ನು ಜಾನುವಾರು ಹೂಡಿದ ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಿಂದಲೇ ದೇವಾನಾಂಪ್ರಿಯನೆಂದರೆ ಅಶೋಕ ಎಂಬುದು ಖಚಿತವಾದದ್ದು. ದೇವದುರ್ಗದ ಮಕ್ಕಳಿಗೆ ಗಬ್ಬೂರಿನ ಗುಡಿಗಳಿವೆ. ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು, ಬುತ್ತಿ ಕಟ್ಟಿಕೊಂಡರೆ ಸಾಕು. ಒಂದೇ ಷರತ್ತು: ನವೆಂಬರಿನ ಕೊನೆಯ ವಾರ ಹೋಗಬೇಕು, ಅದೂ ಆ ತಿಂಗಳು ಶಾಲೆಗೆ ಬಂದ ಎಲ್ಲರನ್ನೂ ಕರೆದುಕೊಂಡು.

ರಾಯಚೂರು ನಗರದ ಪೋಷಕರು ಇದೆಲ್ಲ ಹಳ್ಳಿಯ ಮಾತೆಂದುಕೊಳ್ಳಬಹುದು. ನಗರದ ಮಕ್ಕಳನ್ನು ಹತ್ತಿಯ ಬದಲು ಟ್ಯೂಷನ್ ಕರೆದೊಯ್ಯುತ್ತಿದೆ. ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ತಂದೆತಾಯಿಯರನ್ನು ದೂರಲು ಇದನ್ನು ಬರೆದಿಲ್ಲ. ಸಾಲದ ಕಂತಿಗೆ ಹತ್ತಿಯ ಹಣವನ್ನೇ ನಂಬಿದ ಮನೆಗೆ ಹೋಗಿ ಮಗುವಿನ ಹಕ್ಕಿನ ಬಗ್ಗೆ ಉಪನ್ಯಾಸ ಮಾಡಿದವರನ್ನು ನೋಡಿದ್ದೇನೆ. ಚಹಾ ಕುಡಿದು ಬಂದರು, ಅಷ್ಟೆ. ಕೂಲಿಯ ಹಣವನ್ನು ಶಾಲೆ ಕೊಡಲಾರದು. ಒಂದೆರಡು ಭಾನುವಾರ ಹೊಲಕ್ಕೂ ಉಳಿದ ದಿನ ಶಾಲೆಗೂ ಎಂಬ ರಾಜಿಗೆ ಒಪ್ಪಿಸುವ ಶಕ್ತಿ ಮಾತ್ರ ಶಾಲೆಗಿದೆ, ಅದಕ್ಕೆ ಮಗುವೇ ಹಟ ಹಿಡಿಯುವಂಥ ಕಾರಣವೊಂದು ಶಾಲೆಯಲ್ಲಿ ಇರಬೇಕು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಕೆಲವರು ಎಸ್‌ಡಿಎಂಸಿ ಸದಸ್ಯರೂ ಆಗಿದ್ದೀರಿ. 17ರ ಸಭೆಗೆ ತಂದೆಯರಷ್ಟೇ ಅಲ್ಲದೆ ತಾಯಂದಿರನ್ನೂ ಕರೆಯಿರಿ. ಹತ್ತಿಗೆ ಮಗಳನ್ನು ಜೊತೆಗೆ ಕರೆದೊಯ್ಯುವವಳು ತಾಯಿ. ಸಭೆಯನ್ನು ಧ್ವಜ ಏರಿದ ಕೂಡಲೇ ಮುಗಿಸಿ, ಆಮೇಲೆ ಅವರು ಕೂಲಿಗೆ ಹೋಗಬೇಕಾಗಿರುತ್ತದೆ.