ಚೆಂಡು ಬಡಿದಾಗ ಬೈಯೋದು ಯಾರನ್ನ?

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್ ಅಂದ್ರೆ ಇಂಗ್ಲಿಷ್ ಸಿನಿಮಾದಲ್ಲಿ ಕಾಣೋ ದುಂಡು ಬ್ಯಾಟು, ಟೋಪಿ, ಅಷ್ಟೇ. ನಾನೂ ಆ ಆಟದ ದೊಡ್ಡ ಅಭಿಮಾನಿಯೇನಲ್ಲ. ಆದರೆ ಅಲ್ಲಿನ ಒಂದು ಹಳೆಯ ಸಾವು ನನ್ನನ್ನು ತುಂಬಾ ಕಾಡುತ್ತೆ. ಕೆಟ್ಟದ್ದೇನಾದ್ರೂ ಆದ ತಕ್ಷಣ ನಾವು ಯಾರ ಕಡೆ ಬೆರಳು ತೋರಿಸ್ತೀವಿ ಅನ್ನೋದು ಆ ಕಥೆಯಲ್ಲಿ ಚೆನ್ನಾಗಿ ಕಾಣುತ್ತೆ.

1920ರ ಆಗಸ್ಟ್ 16, ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್ ಮೈದಾನ. ಎಸೆಯುತ್ತಿದ್ದವನು ಯಾಂಕೀಸ್ ತಂಡದ ಕಾರ್ಲ್ ಮೇಸ್. ಬ್ಯಾಟ್ ಹಿಡಿದಿದ್ದವನು ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್, ವಯಸ್ಸು 29. ಮೇಸ್‌ನದು ಕೈಯನ್ನು ತುಂಬಾ ತಗ್ಗಿಸಿ ಕೆಳಗಿನಿಂದ ಬೀಸುವ ಶೈಲಿ. ಅವನ ಎಸೆತ ಚಾಪ್‌ಮನ್ ತಲೆಗೆ ಬಡಿಯಿತು. ಸದ್ದು ಎಷ್ಟು ಜೋರಾಗಿತ್ತೆಂದರೆ, ಚೆಂಡು ಬ್ಯಾಟ್‌ಗೆ ತಗುಲಿತು ಅಂದುಕೊಂಡ ಮೇಸ್, ಉರುಳಿ ಬಂದ ಚೆಂಡನ್ನು ಎತ್ತಿ ಫಸ್ಟ್ ಬೇಸ್‌ಗೆ ಎಸೆದ. ಮರುದಿನ ಬೆಳಗಿನ ಜಾವ ಚಾಪ್‌ಮನ್ ತೀರಿಕೊಂಡ. ಮೇಜರ್ ಲೀಗ್ ಪಂದ್ಯದಲ್ಲಿ ಎಸೆತ ತಗುಲಿ ಸತ್ತ ಆಟಗಾರ ಇವತ್ತಿಗೂ ಅವನೊಬ್ಬನೇ.

ತಪ್ಪು ಯಾರದ್ದು? ಜನರಿಗೆ ಉತ್ತರ ರೆಡಿ ಇತ್ತು. ಮೇಸ್ ಯಾರಿಗೂ ಬೇಕಾದವನಲ್ಲ. ಸ್ವಂತ ತಂಡದವರಿಗೇ ಅವನನ್ನ ಕಂಡರೆ ಆಗುತ್ತಿರಲಿಲ್ಲ. ಬ್ಯಾಟ್ಸ್‌ಮನ್‌ಗಳ ಮೈಮೇಲೆ ಎಸೀತಾನೆ ಅನ್ನೋ ಹೆಸರು ಬೇರೆ. ಸರ್ಕಾರಿ ವಕೀಲರು ಇದು ಆಕಸ್ಮಿಕ ಅಂತ ಕೈಬಿಟ್ಟರೂ, ಬೇರೆ ತಂಡಗಳ ಆಟಗಾರರು ಅವನ ವಿರುದ್ಧ ಆಡೋದೇ ಬೇಡ ಅಂತ ಮಾತಾಡಿಕೊಂಡರು. ಮುಂದೆ ವರ್ಷಗಟ್ಟಲೆ ಆಡಿ ಒಟ್ಟು 207 ಪಂದ್ಯ ಗೆದ್ದ ಮೇಸ್. ಆದರೂ ಅವನ ಹೆಸರು ಹೇಳಿದರೆ ಮೊದಲು ನೆನಪಾಗೋದು ಆ ಒಂದೇ ಎಸೆತ.

ಸರಿ, ಎಸೆದವನನ್ನು ಬಿಟ್ಟು ಚೆಂಡನ್ನು ನೋಡೋಣ. ಆ ಕಾಲದಲ್ಲಿ ಒಂದೇ ಚೆಂಡನ್ನು ಆದಷ್ಟೂ ಹೊತ್ತು ಬಳಸುತ್ತಿದ್ದರು. ಮಣ್ಣು, ತಂಬಾಕಿನ ರಸ ಮೆತ್ತಿಕೊಂಡು ಅದು ಕಪ್ಪಾಗುತ್ತಿತ್ತು. ಕಪ್ಪು ಚೆಂಡು ಕಣ್ಣಿಗೆ ಸರಿಯಾಗಿ ಬೀಳೋದಾದ್ರೂ ಹೇಗೆ? ಆ ಪಂದ್ಯದ ಅಂಪೈರ್‌ಗಳು ಆಮೇಲೆ ಹೇಳಿದ್ದು ಕೇಳಿ: ಚೆಂಡುಗಳನ್ನು ಸುಮ್ಮನೆ ಬದಲಾಯಿಸ್ತಾ ಇದ್ದಾರೆ ಅಂತ ತಂಡದ ಮಾಲೀಕರು ದೂರಿದ್ದರಂತೆ. ಅದಕ್ಕೆ ಲೀಗ್ ಅಧ್ಯಕ್ಷ ಬ್ಯಾನ್ ಜಾನ್ಸನ್, ಅಪಾಯಕಾರಿ ಅನ್ನಿಸಿದ್ದನ್ನು ಬಿಟ್ಟು ಉಳಿದ ಚೆಂಡುಗಳನ್ನು ಆದಷ್ಟೂ ಆಟದಲ್ಲೇ ಇಟ್ಟುಕೊಳ್ಳಿ ಅಂತ ಸುತ್ತೋಲೆ ಕಳಿಸಿದ್ದನಂತೆ.

ಅಂದ್ರೆ ಒಂದು ಕಡೆ ಚೆಂಡಿನ ಖರ್ಚು, ಇನ್ನೊಂದು ಕಡೆ ತಲೆಗೆ ಹೆಲ್ಮೆಟ್ ಇಲ್ಲ. ಮೇಸ್‌ನನ್ನ ಬೈದವರಲ್ಲಿ ಎಷ್ಟು ಜನ ಆ ಸುತ್ತೋಲೆಯನ್ನ ಬೈದಿರಬಹುದು? ಚಾಪ್‌ಮನ್ ಸತ್ತ ಮೇಲೆ ಕೊಳಕು ಚೆಂಡನ್ನು ತಕ್ಷಣ ಬದಲಾಯಿಸೋ ಪದ್ಧತಿ ಬಂತು. ಎರಡೂ ಲೀಗ್‌ಗಳ ಹೊಸ ಆಟಗಾರರೆಲ್ಲರಿಗೂ ಹೆಲ್ಮೆಟ್ ಕಡ್ಡಾಯ ಆಗಿದ್ದು ಮಾತ್ರ 1971ರಲ್ಲಿ. ಹಳಬರಿಗೆ ಆಗಲೂ ವಿನಾಯಿತಿ!

ಹಾಗಾದ್ರೆ "ಯಾರದ್ದೂ ತಪ್ಪಿಲ್ಲ, ಆಕಸ್ಮಿಕ" ಅಂತ ಬಿಟ್ಟುಬಿಡೋಣವಾ? ಅದೂ ಸರಿಯಲ್ಲ. ಅದಕ್ಕೆ ಪ್ರೇಕ್ಷಕರ ಕಥೆ ನೋಡಿ. ಬ್ಯಾಟ್‌ಗೆ ತಾಗಿ ದಿಕ್ಕು ತಪ್ಪಿದ ಫೌಲ್ ಬಾಲ್ ಗ್ಯಾಲರಿಗೆ ಸಿಡಿದು ಬರುತ್ತೆ. ಬಲೆ ಇಲ್ಲದ ಕಡೆ ಕೂತವರು ಅಪಾಯವನ್ನು ತಾವೇ ಒಪ್ಪಿಕೊಂಡ ಹಾಗೆ ಅಂತ ಅಮೆರಿಕದ ಕೋರ್ಟ್‌ಗಳು 1913ರಿಂದಲೇ ಹೇಳಿಕೊಂಡು ಬಂದಿವೆ. ಟಿಕೆಟ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಅದನ್ನೇ ಅಚ್ಚು ಹಾಕಿಸ್ತಾರೆ. 2017ರಲ್ಲಿ ಯಾಂಕಿ ಸ್ಟೇಡಿಯಂನಲ್ಲಿ ಪುಟ್ಟ ಹುಡುಗಿಯೊಬ್ಬಳ ಮುಖಕ್ಕೆ ಚೆಂಡು ಬಡಿದ ಮೇಲೇ, 2018ರ ಸೀಸನ್ ಶುರುವಾಗೋ ಹೊತ್ತಿಗೆ 30 ತಂಡಗಳೂ ಬಲೆಯನ್ನ ಉದ್ದ ಮಾಡಿದ್ದು.

ಅದೂ ಸಾಲಲಿಲ್ಲ. 2019ರ ಮೇ ತಿಂಗಳು, ಹ್ಯೂಸ್ಟನ್. ಆಲ್ಬರ್ಟ್ ಅಲ್ಮೋರಾ ಹೊಡೆದ ಚೆಂಡು ಬಲೆ ಮುಗಿದ ಜಾಗದ ಆಚೆ ಕೂತಿದ್ದ 2 ವರ್ಷದ ಮಗುವಿಗೆ ಬಡಿಯಿತು. ಅಲ್ಮೋರಾ ಮೈದಾನದಲ್ಲೇ ಕುಸಿದು ಕೂತ. ಆಮೇಲೆ ಭದ್ರತಾ ಸಿಬ್ಬಂದಿಯ ಹೆಗಲಿಗೊರಗಿ ಅತ್ತ. ಫೌಲ್ ಬಾಲ್ ಎಲ್ಲಿಗೆ ಹೋಗಬೇಕು ಅಂತ ಯಾವ ಬ್ಯಾಟ್ಸ್‌ಮನ್ ಕೂಡ ನಿರ್ಧರಿಸೋಕಾಗಲ್ಲ. ಆದರೆ ಬಲೆ ಎಲ್ಲಿಗೆ ಮುಗೀಬೇಕು ಅಂತ ಯಾರೋ ಕೂತು ನಿರ್ಧರಿಸಿರ್ತಾರೆ ಅಲ್ವಾ? ಆ ನಿರ್ಧಾರ ತಗೊಂಡವರು ಟಿವಿಯಲ್ಲಿ ಕಾಣಲ್ಲ. ಅತ್ತಿದ್ದು ಅಲ್ಮೋರಾ.

ನಮ್ಮ ಕ್ರಿಕೆಟ್‌ನಲ್ಲೂ ಇದನ್ನ ನೋಡಿದ್ದೀವಿ. 2014ರ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಶಾನ್ ಅಬಾಟ್ ಹಾಕಿದ ಬೌನ್ಸರ್ ಕುತ್ತಿಗೆಗೆ ಬಡಿದು ಫಿಲ್ ಹ್ಯೂಸ್ ತೀರಿಕೊಂಡ. ಕ್ರಿಕೆಟ್ ಲೋಕ ಅಬಾಟ್‌ನನ್ನು ದೂರಲಿಲ್ಲ, ಬೆನ್ನಿಗೆ ನಿಂತಿತು. ಅದು ದೊಡ್ಡತನ. ಆದರೆ ಆಸ್ಟ್ರೇಲಿಯಾದಲ್ಲಿ ಕುತ್ತಿಗೆಯ ರಕ್ಷಾಕವಚ ಕಡ್ಡಾಯ ಆಗಿದ್ದು 2023ರಲ್ಲಿ. ಕ್ಷಮಿಸೋಕೆ ಒಂದು ದಿನ ಸಾಕಾಯ್ತು, ಸರಿಪಡಿಸೋಕೆ 9 ವರ್ಷ ಬೇಕಾಯ್ತು.

ಬೇಕಂತಲೇ ಮೈಗೆ ಗುರಿಯಿಟ್ಟು ಎಸೆಯುವವರೂ ಇದ್ದಾರೆ, ಇಲ್ಲ ಅಂತಲ್ಲ. ಅವರನ್ನು ಅಂಪೈರ್ ಹೊರಗೆ ಕಳಿಸಲಿ, ಲೀಗ್ ದಂಡ ಹಾಕಲಿ. ನಾನು ಹೇಳ್ತಿರೋದು ಆಕಸ್ಮಿಕದ ಬಗ್ಗೆ. ಅಲ್ಲಿ ಎಸೆದವನಿಗೆ ಆಗೋದು ನೋವು, ಅದನ್ನ ಅಪರಾಧ ಅನ್ನೋಕಾಗಲ್ಲ. ಅಪಾಯ ಮೊದಲೇ ಗೊತ್ತಿದ್ದು, ತಡೆಯೋ ಅಧಿಕಾರ ಇದ್ದು, ಖರ್ಚು ಲೆಕ್ಕ ಹಾಕಿ ಸುಮ್ಮನಿದ್ದವರಿದ್ದಾರಲ್ಲ, ಜವಾಬ್ದಾರಿ ಅವರದ್ದು.

ನಿಮ್ಮ ಆಫೀಸಲ್ಲೂ ರಾತ್ರಿ ಸರ್ವರ್ ಬಿದ್ದರೆ ಮೊದಲ ಪ್ರಶ್ನೆ "ಯಾರು ಕೊನೇಲಿ ಮುಟ್ಟಿದ್ದು?" ಅಂತಾನೇ ಅಲ್ವಾ? ಹೆಚ್ಚಿನ ಸಲ ಸಿಗೋದು ಟೀಮಿಗೆ ಹೊಸದಾಗಿ ಸೇರಿದ ಹುಡುಗನೋ, ಯಾರ ಜೊತೆಗೂ ಬೆರೆಯದ ಮೂಲೆ ಸೀಟಿನವಳೋ. ಮುಂದಿನ ಸಲ ಆ ಹೆಸರು ಬಾಯಿಗೆ ಬರೋ ಮೊದಲು ಇನ್ನೊಂದು ಪ್ರಶ್ನೆ ಕೇಳಿ ನೋಡಿ: ಇಲ್ಲಿ ಬಲೆ ಯಾಕಿರಲಿಲ್ಲ, ಬೇಡ ಅಂದವರು ಯಾರು?