ಹೆಸರಿನ ಗದ್ದಲದಲ್ಲಿ ಮರೆಯಾದ ಪ್ರಶ್ನೆ

2010ರ ಆಗಸ್ಟ್‌ನಲ್ಲಿ 'ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ದೆಹಲಿಯಲ್ಲಿ ಕೋಲಾಹಲವನ್ನೇ ಎಬ್ಬಿಸಿತು. ಕಾರ್ಬಪೆನೆಮ್‌ನಂತಹ ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನೂ ನಿಷ್ಫಲಗೊಳಿಸುವ ಕಿಣ್ವಕ್ಕೆ ವಿಜ್ಞಾನಿಗಳು 'ನ್ಯೂಡೆಲ್ಲಿ'ಯ ಹೆಸರನ್ನಿಟ್ಟು ಎನ್‌ಡಿಎಂ-1 ಎಂದು ಕರೆದಿದ್ದರು. 2008ರಲ್ಲಿ ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ ಅದು ಮೊದಲು ಪತ್ತೆಯಾಗಿತ್ತು. ನಮ್ಮ ವೈದ್ಯಕೀಯ ಪ್ರವಾಸೋದ್ಯಮದ ವಿರುದ್ಧ ಸಂಚು ನಡೆದಿದೆ ಎಂದು ರಾಜಕಾರಣಿಗಳು ಗುಡುಗಿದರು. ಹೆಸರಿನ ಬಗೆಗಿನ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. 2011ರ ಜನವರಿಯಲ್ಲಿ ಲ್ಯಾನ್ಸೆಟ್‌ನ ಸಂಪಾದಕ ರಿಚರ್ಡ್ ಹಾರ್ಟನ್ ಅವರೇ ಅದಕ್ಕಾಗಿ ವಿಷಾದ ವ್ಯಕ್ತಪಡಿಸಿದರು. ಆದರೆ ಅದೇ ವರ್ಷ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದೆಹಲಿಯ 171 ಕಡೆ ನಿಂತ ನೀರನ್ನು ಪರೀಕ್ಷಿಸಿದಾಗ 51 ಮಾದರಿಗಳಲ್ಲಿ ಆ ಜೀನ್ ಸಿಕ್ಕಿತು. 50 ನಲ್ಲಿ ನೀರಿನ ಮಾದರಿಗಳ ಪೈಕಿ ಎರಡರಲ್ಲಿಯೂ ಇತ್ತು. ದೇಶದ ಮಾನದ ಬಗ್ಗೆ ಆಡಿದಷ್ಟು ಮಾತನ್ನು ನಾವು ಈ ನೀರಿನ ಬಗ್ಗೆ ಆಡಲಿಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲಿ 2011ರಲ್ಲಿ ನಡೆದುದನ್ನು ಇದರ ಜೊತೆಗಿಟ್ಟು ನೋಡಬೇಕು. ಜೂನ್‌ನಲ್ಲಿ ನ್ಯೂಯಾರ್ಕ್‌ನಿಂದ ಬಂದ ರೋಗಿಯೊಬ್ಬರಲ್ಲಿ ಔಷಧಗಳಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಎಂಬ ರೋಗಾಣುವಿತ್ತು. ಅವರನ್ನು ಪ್ರತ್ಯೇಕವಾಗಿರಿಸಲಾಯಿತು, ಅವರು ಬಿಡುಗಡೆಯಾಗಿ ಮನೆಗೂ ಹೋದರು. ಮೂರು ವಾರಗಳ ಬಳಿಕ ಇನ್ನೊಬ್ಬ ರೋಗಿಯಲ್ಲಿ ಅದು ಕಾಣಿಸಿತು. ಕೊನೆಗೆ 18 ಮಂದಿಗೆ ತಗಲಿತು. ಅವರಲ್ಲಿ 11 ಮಂದಿ ಮೃತಪಟ್ಟರು. ಆರು ಸಾವುಗಳಿಗೆ ಈ ಸೋಂಕೇ ಕಾರಣವೆಂದು ನಿರ್ಣಯಿಸಲಾಯಿತು.

ಎರಡನೆಯವರಿಗೆ ಅದು ಮೊದಲನೆಯವರಿಂದಲೇ ಬಂತೇ, ಹೊರಗಿನಿಂದ ಬಂತೇ? ಹಳೆಯ ವಿಧಾನದಲ್ಲಿ ರೋಗಾಣುವಿನ ಡಿಎನ್‌ಎಯನ್ನು ತುಂಡರಿಸಿ, ಜೆಲ್‌ನಲ್ಲಿ ಹರಿಯಿಸಿ, ಮೂಡುವ ಪಟ್ಟೆಗಳನ್ನು ಹೋಲಿಸುತ್ತಾರೆ. ಆದರೆ ಆ ತಳಿ ಅಮೆರಿಕದ ತುಂಬಾ ಹರಡಿದ್ದರಿಂದ ಎಲ್ಲರ ಪಟ್ಟೆಗಳೂ ಒಂದೇ ತೆರನಾಗಿ ಕಾಣುವಂತಿದ್ದವು. ಆಗ ವಿಜ್ಞಾನಿಗಳು ಪ್ರತಿ ರೋಗಿಯಿಂದ ಪಡೆದ ರೋಗಾಣುವಿನ ಸುಮಾರು 60 ಲಕ್ಷ ಅಕ್ಷರಗಳ ಸಂಪೂರ್ಣ ಜೀನೋಮನ್ನೇ ಓದಿದರು. ರೋಗಾಣು ವೃದ್ಧಿಸುವಾಗ ಅಪರೂಪಕ್ಕೆ ಒಂದು ಅಕ್ಷರ ಬದಲಾಗುತ್ತದೆ. ಆ ಬದಲಾವಣೆ ಮುಂದಿನವರಿಗೂ ಸಾಗುತ್ತದೆ. ಕೈಬರಹದ ಪ್ರತಿಗಳಲ್ಲಿನ ತಪ್ಪುಗಳಿಂದ ಯಾವ ಪ್ರತಿ ಯಾವುದರ ನಕಲೆಂದು ಗುರುತಿಸುವ ಹಾಗೆಯೇ ಇದು. ಸೋಂಕಿನ ಮೂಲ ಆ ಮೊದಲ ರೋಗಿಯೇ ಎಂಬುದು ದೃಢವಾಯಿತು. ಪತ್ತೆಯಾದ ಕ್ರಮವೇ ಹರಡಿದ ಕ್ರಮವಲ್ಲ, ಕೆಲವರು ರೋಗಲಕ್ಷಣವಿಲ್ಲದೆ ವಾರಗಟ್ಟಲೆ ರೋಗಾಣುವನ್ನು ಹೊತ್ತಿದ್ದರು ಎಂಬುದೂ ತಿಳಿಯಿತು. ಸಿಂಕಿನ ಕೊಳವೆಗಳಲ್ಲೂ, ಶುಚಿಗೊಳಿಸಿದ ವೆಂಟಿಲೇಟರ್‌ನಲ್ಲೂ ಅದು ಇತ್ತು.

ಅಷ್ಟಾದರೂ ಅಮೆರಿಕದ ಸಾರ್ವಜನಿಕರಿಗೆ ವಿಷಯ ತಿಳಿದದ್ದು 2012ರ ಆಗಸ್ಟ್‌ನಲ್ಲಿ, ಸಂಶೋಧನಾ ಪ್ರಬಂಧ ಹೊರಬಂದ ಮೇಲೆ! ಮುಚ್ಚಿಡುವ ಚಾಳಿ ನಮ್ಮಲ್ಲಿ ಮಾತ್ರವಿಲ್ಲ ಎಂಬುದು ಸಮಾಧಾನದ ಸಂಗತಿಯೇನೂ ಅಲ್ಲ.

ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ. 2014ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪ್ರಕಾರ ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ದಾಖಲಿಸಿ ಮೂರು ವರ್ಷ ಕಾಪಾಡಬೇಕು. 2017ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆಯೂ ಬಂತು. ಐಸಿಎಂಆರ್‌ನ ಕಣ್ಗಾವಲು ಜಾಲವಿದೆ. ಆದರೆ ಅದರ ಅಂಕಿಅಂಶಗಳು ಬಹುಪಾಲು ದೊಡ್ಡ ಆಸ್ಪತ್ರೆಗಳವು. ಪಟ್ಟಣದ ನರ್ಸಿಂಗ್ ಹೋಮ್‌ನ ಐಸಿಯುವಿನಲ್ಲಿ ಒಂದೇ ವಾರದಲ್ಲಿ ಮೂವರಿಗೆ ನಂಜು ತಗಲಿದರೆ ಅದು ಕಾಕತಾಳೀಯವೋ ಒಂದೇ ಸರಪಳಿಯೋ ಎಂದು ಕೇಳುವವರು ಯಾರು? 'ಸೆಪ್ಸಿಸ್' ಎಂಬ ಒಂದು ಪದ, ಲಕ್ಷಗಳ ಬಿಲ್ಲು, ಅಲ್ಲಿಗೆ ಮುಗಿಯಿತು.

ಜೀನೋಮ್ ಓದುವ ಯಂತ್ರ ಪ್ರತಿ ಊರಿಗೂ ಬೇಕಿಲ್ಲ. ಔಷಧ ಕೊಡುವ ಮುನ್ನ ಕಲ್ಚರ್ ಪರೀಕ್ಷೆ ಮಾಡಿಸಲಿ, ಸಿಕ್ಕ ರೋಗಾಣುವನ್ನು ಎಸೆಯದೆ ಶೈತ್ಯದಲ್ಲಿ ಕಾಪಿಡಲಿ, ಅನುಮಾನ ಬಂದಾಗ ಸರಕಾರಿ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯಕ್ಕೆ ಕಳುಹಿಸಲಿ. ಅಲ್ಲಿಂದ ಬರುವ ವರದಿಯನ್ನು ರೋಗಿಯ ಕುಟುಂಬಕ್ಕೆ ಕೊಡುವುದನ್ನು ಸರಕಾರ ಕಡ್ಡಾಯಗೊಳಿಸಲಿ. ಬಿಲ್ಲಿನ ಪ್ರತಿಯಂತೂ ತಪ್ಪದೆ ಸಿಗುತ್ತದಲ್ಲ!