ಅರ್ಧ ಮೈ ಸೋತವನಿಗೆ ಅರ್ಧ ನ್ಯಾಯವೂ ಇಲ್ಲವೆ?

ಬೆಳಗಿನ ಪಾಳಿಗೆ ಹೊರಟ ಕಾರ್ಮಿಕ ಚಹದ ಲೋಟ ಹಿಡಿಯಹೋಗುತ್ತಾನೆ; ಕೈ ಏಳುವುದಿಲ್ಲ. ಬಾಯಿ ಒಂದು ಕಡೆಗೆ ಎಳೆದಿದೆ, ಮಾತು ತೊದಲುತ್ತಿದೆ. ಅಂಗಡಿಯ ಬಾಗಿಲು ತೆರೆಯಲು ಬಂದ ಸಣ್ಣ ವ್ಯಾಪಾರಿಯ ಕೈಯಿಂದ ಬೀಗ ಜಾರುತ್ತದೆ, ಒಂದು ಕಾಲು ಕುಸಿಯುತ್ತದೆ. ನೆರೆಹೊರೆಯವರು ಸೇರುತ್ತಾರೆ. ಗಾಳಿ ಸೋಕಿತು ಎನ್ನುವವರು ಕೆಲವರು, ಹಣೆಯ ಬರಹ ಎನ್ನುವವರು ಕೆಲವರು. ಪಾರಿವಾಳದ ಬಿಸಿ ರಕ್ತ ತಿಕ್ಕಬೇಕೆಂದು ಒಬ್ಬರು, ಎಣ್ಣೆ ಹಚ್ಚಿ ಮಲಗಿಸಬೇಕೆಂದು ಮತ್ತೊಬ್ಬರು. ಹೀಗೆ ಹಗಲು ಕಳೆಯುತ್ತದೆ. ಹಗಲಿನ ಜೊತೆಗೆ ಅರ್ಧ ದೇಹವೂ ಕಳೆದುಹೋಗುತ್ತದೆ.

ಲಕ್ವ, ಅರ್ಧಾಂಗವಾಯು, ಪಾರ್ಶ್ವವಾಯು, ಹೆಸರು ಯಾವುದೇ ಇರಲಿ, ಇದು ಗಾಳಿಯೂ ಅಲ್ಲ, ಗ್ರಹಚಾರವೂ ಅಲ್ಲ. ಕೆಟ್ಟಿರುವುದು ಕೈಯಲ್ಲ, ಮಿದುಳು. ಮಿದುಳಿನ ಎಡಭಾಗ ಬಲಮೈಯನ್ನು ನಡೆಸುತ್ತದೆ, ಬಲಭಾಗ ಎಡಮೈಯನ್ನು. ಒಂದು ಭಾಗಕ್ಕೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿ ಮುಚ್ಚಿದರೆ, ಇಲ್ಲವೆ ಒಡೆದರೆ, ಎದುರು ಮಗ್ಗುಲು ಸೋಲುತ್ತದೆ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ವಿಜ್ಞಾನಿಗಳ ಲೆಕ್ಕ. ಹೆಪ್ಪು ಕರಗಿಸುವ ಔಷಧಿ ಇದೆ. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಳ ಒಡೆದವನಿಗೆ ಕೊಟ್ಟರೆ ಅದೇ ಔಷಧಿ ಪ್ರಾಣ ತೆಗೆದೀತು. ಆದ್ದರಿಂದ ಮೊದಲು ತಲೆಯ ಸ್ಕ್ಯಾನ್ ಆಗಲೇಬೇಕು.

ಇಲ್ಲಿಗೆ ವಿಧಿಯ ಮಾತು ಮುಗಿಯಿತು, ಸರಕಾರದ ಮಾತು ಆರಂಭವಾಯಿತು. ನಡುರಾತ್ರಿ ಸ್ಕ್ಯಾನ್ ಯಂತ್ರ ನಡೆಸುವವರಿಲ್ಲದ ಆಸ್ಪತ್ರೆ ಹೆಸರಿಗೆ ಆಸ್ಪತ್ರೆ, ಲಕ್ವ ಹೊಡೆದವನಿಗೆ ಅದು ಬರಿಯ ಛತ್ರ. “ಮುಂದಿನ ಊರಿಗೆ ಒಯ್ಯಿರಿ” ಎಂಬ ಒಂದು ಚೀಟಿಯಲ್ಲಿ ಬಡವನ ನಾಲ್ಕೂವರೆ ಗಂಟೆ ತೀರಿಹೋಗುತ್ತದೆ. ಹಣವಿದ್ದವನು ಕೈ ಆಡಿಸಿಕೊಂಡು ಮನೆಗೆ ಮರಳುತ್ತಾನೆ. ಇಲ್ಲದವನು ಕೈಯನ್ನು ಜೋಳಿಗೆಗೆ ಕಟ್ಟಿಕೊಂಡು ಮರಳುತ್ತಾನೆ.

ಈ ರೋಗ ಹೇಳದೆ ಬರುತ್ತದೆ ಎನ್ನುವುದೂ ಪೂರ್ಣ ನಿಜವಲ್ಲ. ಇದರ ಮೊದಲ ಕಾರಣ ರಕ್ತದ ಒತ್ತಡ. 140ರ ಮೇಲೆ 90ರ ಗಡಿ ದಾಟಿದ ಒತ್ತಡ ವರ್ಷಗಟ್ಟಲೆ ಸದ್ದಿಲ್ಲದೆ ನಾಳಗಳನ್ನು ಸವೆಸುತ್ತದೆ. ಉಪ್ಪು, ಬೀಡಿ, ಸಕ್ಕರೆ ಕಾಯಿಲೆ ಅದಕ್ಕೆ ಜೊತೆಗೂಡುತ್ತವೆ. ಅಳೆಯಲು ಐದು ನಿಮಿಷ ಸಾಕು, ತಡೆಯುವ ಗುಳಿಗೆಯೂ ದುಬಾರಿಯಲ್ಲ. ಗಿರಣಿಯ ಬಾಯ್ಲರಿಗೆ ಒತ್ತಡದ ಮಾಪಕವಿದೆ, ಅದನ್ನು ಪರೀಕ್ಷಿಸಲು ಕಾನೂನಿದೆ, ಇನ್‌ಸ್ಪೆಕ್ಟರರಿದ್ದಾರೆ. ಬಾಯ್ಲರಿನ ಮುಂದೆ ನಿಂತು ಬೇಯುವ ಮನುಷ್ಯನ ರಕ್ತದ ಒತ್ತಡವನ್ನು ನೋಡುವವರಾರು? ಯಂತ್ರ ಒಡೆದರೆ ಮಾಲಿಕರಿಗೆ ನಷ್ಟ. ಮನುಷ್ಯ ಒಡೆದರೆ ಗೇಟಿನ ಹೊರಗೆ ಇನ್ನೊಬ್ಬ ಕಾದಿದ್ದಾನೆ!

ಕಾನೂನು ಏನು ಹೇಳುತ್ತದೆ ನೋಡೋಣ. ಇ.ಎಸ್.ಐ. ಯೋಜನೆಯ ದೀರ್ಘರೋಗಗಳ ಪಟ್ಟಿಯಲ್ಲಿ ಅರ್ಧಾಂಗವಾಯು ಸೇರಿದೆ. ನಿಯಮದಂತೆ ಚಂದಾ ಸಂದಿದ್ದರೆ ಎರಡು ವರ್ಷದವರೆಗೆ ಕೂಲಿಯ ನೂರಕ್ಕೆ 80ರಷ್ಟು ಭತ್ಯೆ ದೊರೆಯಬೇಕು. ಇದು ಭಿಕ್ಷೆಯಲ್ಲ, ಹಕ್ಕು, ತಿಳಿಯದೆ ಬಿಟ್ಟುಕೊಡಬೇಡಿ. ಆದರೆ ಗುತ್ತಿಗೆದಾರ ಹೆಸರನ್ನೇ ಬರೆಸದೆ ದುಡಿಸಿಕೊಂಡವನಿಗೆ ಇದೂ ಇಲ್ಲ. ತನ್ನ ಅಂಗಡಿಯಲ್ಲಿ ತಾನೇ ಆಳಾದ ವ್ಯಾಪಾರಿಗಂತೂ ಭತ್ಯೆಯ ಮಾತೇ ಇಲ್ಲ. ಬಾಗಿಲು ಮುಚ್ಚಿದರೂ ಸಾಲದ ಬಡ್ಡಿ ಮಾತ್ರ ಎರಡೂ ಕಾಲಲ್ಲಿ ಓಡುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೆಯ ಕಲಂ, ಸೇವೆಯಲ್ಲಿದ್ದಾಗ ಅಂಗವಿಕಲನಾದವನನ್ನು ಕೆಲಸದಿಂದ ತೆಗೆಯಬಾರದು, ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಈ ರಕ್ಷಣೆ ಸರಕಾರಿ ಸಂಸ್ಥೆಗಳಿಗೆ ಮಾತ್ರ! ಖಾಸಗಿ ಗಿರಣಿಯ ಕಾರ್ಮಿಕನಿಗೂ ಇದೇ ಮಿದುಳು, ಇದೇ ರಕ್ತವಲ್ಲವೆ?

“ಒಂದು ಕೈಯವನಿಂದ ಏನು ಕೆಲಸ?” ಎಂದು ಮಾಲಿಕರು ಕೇಳುತ್ತಾರೆ. ಚರಿತ್ರೆ ಉತ್ತರಿಸಲಿ. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರಿಗೆ 1919ರ ಅಕ್ಟೋಬರಿನಲ್ಲಿ ಎಡಮೈ ಸೋತಿತು. ಅದನ್ನು ಲೋಕದಿಂದ ಮರೆಮಾಡಿದರು. 1921ರ ಮಾರ್ಚಿಯವರೆಗೆ ಅವರೇ ಅಧ್ಯಕ್ಷರು. ಇಂಗ್ಲೆಂಡಿನ ಚರ್ಚಿಲ್ಲರಿಗೆ 1953ರ ಜೂನಿನಲ್ಲಿ ಇದೇ ಏಟು ಬಿತ್ತು. 1955ರವರೆಗೆ ಅವರೇ ಪ್ರಧಾನಿ. ಇವರ ಕುರ್ಚಿ ಅಲುಗಲಿಲ್ಲ. ಲೂಯಿ ಪಾಶ್ಚರ್ 1868ರಲ್ಲಿ, 45ನೆಯ ವಯಸ್ಸಿನಲ್ಲಿ, ಎಡಮೈಯ ಸ್ವಾಧೀನ ಕಳೆದುಕೊಂಡರು. ಹುಚ್ಚುನಾಯಿ ಕಡಿತಕ್ಕೆ ಅವರು ಲಸಿಕೆ ಕೊಟ್ಟದ್ದು ಅದಾದ 17 ವರ್ಷಗಳ ಮೇಲೆ, 1885ರಲ್ಲಿ! ಅರ್ಧ ಮೈಯಿಂದ ರಾಜ್ಯವಾಳಬಹುದು, ಲಸಿಕೆ ಕಂಡುಹಿಡಿಯಬಹುದು, ಗಿರಣಿಯ ಉಗ್ರಾಣದ ಲೆಕ್ಕ ಬರೆಯಲು ಮಾತ್ರ ಆಗದೆ? ಅರಸನಿಗೊಂದು ನ್ಯಾಯ, ಆಳಿಗೊಂದು ನ್ಯಾಯ ಎಂದರೆ ಇದೇ ಅಲ್ಲವೆ?

ನಮ್ಮ ಬೇಡಿಕೆಗಳು ಸ್ಪಷ್ಟ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಹಗಲಿರುಳು ಸ್ಕ್ಯಾನ್ ಮತ್ತು ಹೆಪ್ಪು ಕರಗಿಸುವ ಔಷಧಿ ಉಚಿತವಾಗಿ ಸಿಗಬೇಕು. ಸೋತ ಕೈಕಾಲಿಗೆ ವ್ಯಾಯಾಮ ಕಲಿಸುವವರು ಪ್ರತಿ ತಾಲ್ಲೂಕಿನಲ್ಲೂ ಇರಬೇಕು. ಗಿರಣಿಯ ಗೇಟಿನಲ್ಲಿ, ಸಂತೆಯಲ್ಲಿ, ರಕ್ತದ ಒತ್ತಡ ಅಳೆಯಬೇಕು. 20ನೆಯ ಕಲಮಿನ ರಕ್ಷಣೆ ಖಾಸಗಿ ಕಾರ್ಮಿಕನಿಗೂ ವಿಸ್ತರಿಸಬೇಕು. ಸಣ್ಣ ವ್ಯಾಪಾರಿಗೂ ಕಾಯಿಲೆಯ ಭತ್ಯೆ ಬೇಕು.

ಅಲ್ಲಿಯವರೆಗೆ ಬಂಧುಗಳೇ, ಇಷ್ಟನ್ನು ನೆನಪಿಡಿ: ಮುಖ ಸೊಟ್ಟಗಾದರೆ, ಎತ್ತಿದ ಒಂದು ತೋಳು ಕೆಳಗಿಳಿದರೆ, ಮಾತು ತೊದಲಿದರೆ, ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ಪಾರಿವಾಳವನ್ನು ಹಾರಲು ಬಿಡಿ. ಸೋತ ಕೈಯವನ ಪರವಾಗಿ ಎತ್ತಬೇಕಾದ ಕೈ ನಮ್ಮದು, ನಿಮ್ಮದು.